ಹತ್ತು ತಿಂಗಳ ಲೆಕ್ಕ, ನಮ್ಮ ಅಟ್ಟದ ಕೆಳಗೆ

ಹೋದ ಭಾನುವಾರ ಊರಲ್ಲಿ ಕಾಯಿ ಸುಲಿಸುತ್ತಿದ್ದೆವು. ಗುಬ್ಬಿ ತಾಲ್ಲೂಕಿನ ಕಡೆ ಕಾಯಿ ಸುಲಿಯುವುದು ಅಂದರೆ ಒಂದು ಸಣ್ಣ ವಿಧಾನಸಭೆ ನಡೆದ ಹಾಗೆ. ನಾಲ್ಕು ಜನ ನೆಲಕ್ಕೆ ಹುಗಿದ ಕಬ್ಬಿಣದ ಮೊನೆ ಮುಂದೆ ನಿಂತಿರುತ್ತಾರೆ, ಒಬ್ಬ ಎಣಿಸುತ್ತಾನೆ, ಒಬ್ಬ ಟೀ ತರುತ್ತಾನೆ, ಬಾಯಿ ಮಾತ್ರ ಎಲ್ಲರದ್ದೂ ಕೆಲಸ ಮಾಡುತ್ತಿರುತ್ತದೆ. ಯಾರೋ ಒಬ್ಬನ ಫೋನು ಮಟ್ಟೆ ರಾಶಿಯ ಮೇಲೆ ಕೂತು ವಿಡಿಯೊ ಹಾಡಿಕೊಳ್ಳುತ್ತಿತ್ತು. ಹಾಡು ಮುಗಿದು, ಜಾಹೀರಾತು ಮುಗಿದು, ತಾನಾಗೇ ದೇವೇಗೌಡರ ಹಳೆಯದೊಂದು ಪತ್ರಿಕಾಗೋಷ್ಠಿ ಶುರುವಾಯಿತು. ಪ್ರಧಾನಿ ಆಗಿದ್ದಾಗ ಏನೇನು ಮಾಡಿದೆ ಅಂತ ಹೇಳುತ್ತಿದ್ದರು. ಅದೇ ನಿಧಾನದ ದನಿ, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡುವ ಅದೇ ರೀತಿ.

ಸುಲಿಯುತ್ತಿದ್ದ ಹುಡುಗ ನಕ್ಕ. 'ನೋಡಣ್ಣ, ಹತ್ತು ತಿಂಗ್ಳು ಪ್ರಧಾನಿ ಆಗಿದ್ದಕ್ಕೆ ಈ ಯಪ್ಪ ಇಪ್ಪತ್ತೈದು ಮೂವತ್ತು ವರ್ಷದಿಂದ ಲೆಕ್ಕ ಒಪ್ಪುಸ್ತಾನೇ ಅವ್ರೆ' ಅಂದ.

ಅಪ್ಪ ಮಾತಾಡಲಿಲ್ಲ. ಸುಲಿದ ಕಾಯಿ ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು. ಕಟಕಟ ಅಂತು. ಅದನ್ನು ಕೊಬ್ಬರಿ ಕಡೆಗೆ ಎಸೆದು ಆಮೇಲೆ ಹೇಳಿದರು: 'ಅಟ್ಟಕ್ಕೆ ಹಾಕಿದ ಕಾಯಿ ಗಿಟುಕಾಗಕೆ ಹತ್ತು ತಿಂಗ್ಳಾದ್ರೂ ಬೇಕು ಕಣ್ಲಾ. ಅವ್ರದ್ದು ಕಾಯಿ ಒಣಗಕ್ಕೆ ಮುಂಚೆ ಅಟ್ಟಾನೇ ಕಿತ್ತಾಕುದ್ರು.'

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ನಮ್ಮಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಬರುವ ತನಕ ಮುಟ್ಟುವ ಹಾಗಿಲ್ಲ. ನಡುವೆ ಒಡೆದರೆ ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ನಾನು ತುಮಕೂರಿನಲ್ಲಿ ಲೆಕ್ಕ ಬರೆದು ಬದುಕುವವನು. ಗೊಬ್ಬರದ ಅಂಗಡಿ, ಎರಡು ಅಕ್ಕಿ ಗಿರಣಿ, ಒಂದು ಬೇಕರಿ, ಇನ್ನೂ ಒಂದಷ್ಟು ಜನರ ತೆರಿಗೆ ಲೆಕ್ಕ. ರಾಜಕೀಯ ಬರೆದು ನನಗೆ ಅಭ್ಯಾಸ ಇಲ್ಲ. ಅಪ್ಪ ಹೇಳಿದ್ದು ಮಾತ್ರ ತಲೆಯಲ್ಲೇ ಕೂತುಬಿಟ್ಟಿತು. ವಾಪಸ್ ಬಸ್ಸಲ್ಲಿ ಬರುವಾಗ ಅನ್ನಿಸಿತು, ನಾನೂ ಆ ಹುಡುಗನ ಹಾಗೇ ನಗುತ್ತಿದ್ದವನು, ಅಲ್ವಾ? ಟಿವಿಯಲ್ಲಿ ಅವರು 'ನಾನು ಪ್ರಧಾನಿಯಾಗಿದ್ದಾಗ' ಅಂತ ಶುರು ಮಾಡಿದರೆ ಚಾನೆಲ್ ಬದಲಿಸುತ್ತಿದ್ದೆ. ಒಂದು ದಿನವೂ ಪೂರ್ತಿ ಕೇಳಿರಲಿಲ್ಲ. ಗಿರಾಕಿ ಲೆಕ್ಕ ತಂದರೆ ಮೊದಲ ಪುಟ ನೋಡಿ ನಕ್ಕು ವಾಪಸ್ ಕೊಡುತ್ತೇನಾ? ಇಲ್ಲ. ಹಾಗಾದರೆ ಇದನ್ನೂ ಒಂದು ಸಲ ಕೂತು ನೋಡೋಣ ಅಂದುಕೊಂಡೆ.

ಮೊದಲು ದಿನಗಳು. 1996ರ ಜೂನ್ 1ಕ್ಕೆ ಪ್ರಮಾಣವಚನ, 1997ರ ಏಪ್ರಿಲ್ 21ಕ್ಕೆ ಗುಜ್ರಾಲ್ ಅವರಿಗೆ ಕುರ್ಚಿ. 324 ದಿನ. ಅದರಲ್ಲೂ ಕೊನೆಯ ಮೂರು ವಾರ ಲೆಕ್ಕಕ್ಕಿಲ್ಲ, ಯಾಕೆಂದರೆ ಮಾರ್ಚ್ 30ಕ್ಕೇ ಕಾಂಗ್ರೆಸ್‌ನ ಸೀತಾರಾಂ ಕೇಸರಿ ಬೆಂಬಲ ವಾಪಸ್ ತಗೊಂಡಿದ್ದರು, ಏಪ್ರಿಲ್ 11ಕ್ಕೆ ಲೋಕಸಭೆಯಲ್ಲಿ ಸೋತಾಗಿತ್ತು. ಹದಿಮೂರು ಪಕ್ಷಗಳ ಸರ್ಕಾರ, ಅದು ನಿಂತಿದ್ದು ಹೊರಗಿನವರ ಹೆಗಲ ಮೇಲೆ. ಅದಕ್ಕೂ ಮುಂಚೆ ವಾಜಪೇಯಿಯವರ ಸರ್ಕಾರ ಹದಿಮೂರು ದಿನಕ್ಕೆ ಬಿದ್ದಿತ್ತು. ಆಮೇಲೆ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಪ್ರಧಾನಿ ಆಗಬೇಕಿತ್ತು, ಅವರ ಸಿಪಿಎಂ ಪಕ್ಷವೇ ಬೇಡ ಅಂದಿತು. ಹೀಗೆ ತಿರುಗಿ ತಿರುಗಿ ಕುರ್ಚಿ ಬಂದಿದ್ದು ಹೊಳೆನರಸೀಪುರದ ಕಡೆಯ, ಸಿವಿಲ್ ಡಿಪ್ಲೊಮಾ ಮಾಡಿದ, ಆಗ ಸಂಸತ್ತಿನ ಸದಸ್ಯರೂ ಅಲ್ಲದ ನಮ್ಮ ಮುಖ್ಯಮಂತ್ರಿಗೆ.

ನನಗೆ ಆಗ ಹತ್ತು ವರ್ಷ. ನೆನಪಿರುವುದು ಎರಡೇ. ಊರಲ್ಲಿ ಪಟಾಕಿ ಹೊಡೆದರು. ಮತ್ತೆ ಆಗಸ್ಟ್ 15ಕ್ಕೆ ಕೆಂಪುಕೋಟೆಯಿಂದ ಅವರು ಹಿಂದಿ ಭಾಷಣವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಿದರು ಅಂತ ಮೇಷ್ಟ್ರು ತರಗತಿಯಲ್ಲಿ ಹೇಳಿದರು. ನಮಗೆಲ್ಲ ಭಾರೀ ಖುಷಿ. ನಾವೂ ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ಬರೆದುಕೊಂಡೇ ಬಾಯಿಪಾಠ ಮಾಡುತ್ತಿದ್ದವರು. ಆಮೇಲೆ ಬಂದ ನಿದ್ದೆಯ ಕಾರ್ಟೂನು, ನಿದ್ದೆಯ ಜೋಕು ಎಲ್ಲ ನಿಮಗೂ ಗೊತ್ತು. ಹತ್ತು ತಿಂಗಳ ಕೆಲಸ ಕೇಳಿದರೆ ಯಾರಿಗೂ ಬಾಯಿಗೆ ಬರುವುದಿಲ್ಲ, ನಿದ್ದೆ ಕೇಳಿ, ಎಲ್ಲರಿಗೂ ಗೊತ್ತು.

ಈಗ ಅವರು ಪದೇ ಪದೇ ಹೇಳಿಕೊಳ್ಳುವ ಬಾಬ್ತುಗಳು. ಕಾಶ್ಮೀರದಲ್ಲಿ 1987ರ ಮೇಲೆ ವಿಧಾನಸಭೆ ಚುನಾವಣೆಯೇ ಇರಲಿಲ್ಲ, 1996ರಲ್ಲಿ ನಡೆಯಿತು, ಫಾರೂಕ್ ಅಬ್ದುಲ್ಲಾ ಮುಖ್ಯಮಂತ್ರಿ ಆದರು. ಉಧಂಪುರದಿಂದ ಕಾಶ್ಮೀರ ಕಣಿವೆಗೆ ಹೋಗುವ ರೈಲಿಗೆ 1997ರಲ್ಲಿ ಅಡಿಗಲ್ಲು. ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅದೇ ವರ್ಷ ಜನವರಿ 22ಕ್ಕೆ ಅಡಿಗಲ್ಲು. ದೆಹಲಿ ಮೆಟ್ರೊಗೆ ಸಂಪುಟದ ಒಪ್ಪಿಗೆ. ಮಹಿಳಾ ಮೀಸಲಾತಿ ಮಸೂದೆ ಮೊದಲ ಸಲ ಲೋಕಸಭೆಗೆ ಬಂದಿದ್ದು 1996ರ ಸೆಪ್ಟೆಂಬರ್ 12ಕ್ಕೆ, ಇವರ ಕಾಲದಲ್ಲಿ. ಅದು ಪಾಸಾಗಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಇಪ್ಪತ್ತೇಳು ವರ್ಷ! ಆಗ ಅವರು ರಾಜ್ಯಸಭೆಯಲ್ಲೇ ಇದ್ದರು, ತೊಂಬತ್ತು ತುಂಬಿತ್ತು. ತಾನು ನೆಟ್ಟ ತೆಂಗಿನ ಸಸಿಯ ಎಳನೀರು ಕುಡಿಯುವ ತನಕ ಬದುಕಿರುವುದು ರಾಜಕೀಯದಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಇನ್ನು ಬಜೆಟ್ಟು. ಇದು ನನ್ನ ಹೊಟ್ಟೆಪಾಡಿನ ವಿಷಯ, ಹಾಗಾಗಿ ಎರಡು ಮಾತು ಜಾಸ್ತಿ. 1997ರ ಫೆಬ್ರವರಿ 28ಕ್ಕೆ ಹಣಕಾಸು ಮಂತ್ರಿ ಚಿದಂಬರಂ ಮಂಡಿಸಿದ ಬಜೆಟ್ಟನ್ನು ಪತ್ರಿಕೆಗಳು 'ಕನಸಿನ ಬಜೆಟ್' ಅಂದವು. ಆದಾಯ ತೆರಿಗೆ 10, 20, 30 ಅಂತ ಮೂರು ಮೆಟ್ಟಿಲಾಯಿತು. ಅದಕ್ಕೆ ಮುಂಚೆ ಮೇಲಿನ ಮೆಟ್ಟಿಲು 40 ಇತ್ತು. ನಾನು ಈ ಕೆಲಸ ಕಲಿತಾಗ ಗುರುಗಳು ಹೇಳಿಕೊಟ್ಟ ಮೊದಲ ಪಾಠವೇ ಹತ್ತು-ಇಪ್ಪತ್ತು-ಮೂವತ್ತು. ಅದರ ಮೇಲೆ ಯಾರ ಸರ್ಕಾರದ ಹೆಸರೂ ಬರೆದಿರಲಿಲ್ಲ. ಬಜೆಟ್ ಮಂಡಿಸಿ ಸರಿಯಾಗಿ ಮೂವತ್ತು ದಿನಕ್ಕೆ ಬೆಂಬಲ ಹೋಯಿತು. ಅದು ಪಾಸಾಗುವಷ್ಟರಲ್ಲಿ ಪ್ರಧಾನಿ ಬೇರೆ. ಜನ ಅದನ್ನು ಚಿದಂಬರಂ ಬಜೆಟ್ ಅಂತಾರೆಯೇ ಹೊರತು ದೇವೇಗೌಡರ ಬಜೆಟ್ ಅಂತ ಯಾರೂ ಅನ್ನುವುದಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಚಿದಂಬರಂದೇ ಹೌದು. ಆದರೂ ಮನೆ ಯಜಮಾನ ಬೇಡ ಅಂದಿದ್ದರೆ ಅದು ಆಚೆ ಬರುತ್ತಿರಲಿಲ್ಲ.

ಇಲ್ಲಿ ಒಂದು ತಕರಾರು ನಂದೇ ಇದೆ. ಅಡಿಗಲ್ಲು ಹಾಕಿದವನು 'ನಾನು ಕಟ್ಟಿದೆ' ಅನ್ನಬಹುದಾ? ಬೋಗಿಬೀಲ್ ತಗೊಳ್ಳಿ. ಬ್ರಹ್ಮಪುತ್ರದ ಮೇಲೆ ಹತ್ತಿರಹತ್ತಿರ ಐದು ಕಿಲೋಮೀಟರ್ ಉದ್ದ, ಮೇಲೆ ರಸ್ತೆ, ಕೆಳಗೆ ರೈಲು. ಕಲ್ಲು ಹಾಕಿದ್ದು ದೇವೇಗೌಡರು 1997ರಲ್ಲಿ. ಕೆಲಸ ಶುರುವಾಗಿದ್ದು 2002ರಲ್ಲಿ, ವಾಜಪೇಯಿ ಕಾಲಕ್ಕೆ. ಅದನ್ನು ರಾಷ್ಟ್ರೀಯ ಯೋಜನೆ ಅಂತ ಮಾಡಿದ್ದು 2007ರಲ್ಲಿ, ಮನಮೋಹನ್ ಸಿಂಗ್ ಕಾಲಕ್ಕೆ. ಟೇಪು ಕತ್ತರಿಸಿದ್ದು 2018ರ ಡಿಸೆಂಬರ್ 25ಕ್ಕೆ ಮೋದಿ. ನಾಲ್ಕು ಜನ ಪ್ರಧಾನಿಗಳು, ಒಂದು ಸೇತುವೆ. ಆವತ್ತು ಪತ್ರಕರ್ತರು ನಿಮ್ಮನ್ನು ಕರೆದಿದ್ದರಾ ಅಂತ ಕೇಳಿದ್ದಕ್ಕೆ ದೇವೇಗೌಡರು, ಅಯ್ಯೋ ರಾಮ, ನನ್ನನ್ನು ಯಾರು ನೆನೆಸಿಕೊಳ್ಳುತ್ತಾರೆ ಅನ್ನುವ ಹಾಗೆ ಹೇಳಿದರು. ಅದು ಸುದ್ದಿಯಾಯಿತು. ನಾನು ಆವತ್ತೂ ನಕ್ಕಿದ್ದೆ.

ಅಪ್ಪ ನಗಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯೇ.

ನಮ್ಮ ಈಗಿನ ಮನೆಗೆ ಪಾಯ ಹಾಕಿಸಿದ್ದು 2004ರಲ್ಲಿ. ಆಗ ಒಬ್ಬ ಗಾರೆ ಮೇಸ್ತ್ರಿ ಇದ್ದ, ಹೆಸರು ಬೇಡ. ಕಲ್ಲು ಕೂರಿಸುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ನೂಲು ಹಿಡಿದು, ಒಂದು ಕಲ್ಲಿಗೆ ಹತ್ತು ಸಲ ಕೂತು ಎದ್ದು ನೋಡುತ್ತಿದ್ದ. ಅಮ್ಮನಿಗೆ ಅವನ ನಿಧಾನ ಕಂಡರೆ ಆಗುತ್ತಿರಲಿಲ್ಲ. ಪಾಯ ಮುಗಿಯಿತು, ದುಡ್ಡೂ ಮುಗಿಯಿತು. ಎರಡು ಬೋರು ತೋಡಿಸಿದ್ದು ಎರಡೂ ಫೇಲಾಯಿತು. ಒಂಬತ್ತು ವರ್ಷ ಆ ಪಾಯದ ಮೇಲೆ ಹುಲ್ಲು ಬೆಳೆಯಿತು, ಊರಿನ ಮೇಕೆಗಳೆಲ್ಲ ಅಲ್ಲೇ ಮೇಯುತ್ತಿದ್ದವು. 2013ರಲ್ಲಿ ಬೇರೆ ಮೇಸ್ತ್ರಿ ಬಂದು ಐದು ತಿಂಗಳಲ್ಲಿ ಗೋಡೆ ಎಬ್ಬಿಸಿ ಮೋಲ್ಡಿಂಗ್ ಹಾಕಿ ಮುಗಿಸಿಬಿಟ್ಟ. ಗೃಹಪ್ರವೇಶಕ್ಕೆ ಅವನಿಗೆ ಪಂಚೆ, ಶಲ್ಯ, ಅವನ ಹೆಂಡತಿಗೆ ಸೀರೆ. ಮೊದಲನೆಯವನು ನಮಗೆ ಯಾರಿಗೂ ನೆನಪೇ ಆಗಲಿಲ್ಲ. ಬೇಕಂತ ಮಾಡಿದ್ದಲ್ಲ, ಪಟ್ಟಿ ಬರೆಯುವಾಗ ಹೆಸರು ಬರಲೇ ಇಲ್ಲ. ಒಂದು ವಾರದ ಮೇಲೆ ಅವನೇ ಬಂದ. ಒಳಗೆ ಬಾ ಅಂದರೂ ಬರಲಿಲ್ಲ. ಮನೆ ಸುತ್ತ ಒಂದು ಸುತ್ತು ಹಾಕಿ, ಮೂಲೆ ಕಲ್ಲಿಗೆ ಕಾಲಲ್ಲಿ ಎರಡು ಸಲ ಒದ್ದು ನೋಡಿ, 'ಅಳ್ಳಾಡಿಲ್ಲ ಬಿಡಿ ಗೌಡ್ರೆ' ಅಂದು ಹೊರಟುಹೋದ. ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಬೋಗಿಬೀಲ್ ಸುದ್ದಿ ಟಿವಿಯಲ್ಲಿ ಬಂದಾಗ ಅಪ್ಪ ಅಂದಿದ್ದು ಇಷ್ಟೇ: 'ಪಾಯ ಹಾಕ್ದೋನ್ನ ಕರೀಬೇಕಾಗಿತ್ತು.'

ಹಾಗಂತ ಪಾಯ ಹಾಕಿದವನು ಬಂದು ಇಡೀ ಮನೆ ನಂದು ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಮೇಸ್ತ್ರಿ ಹಾಗೆ ಅನ್ನಲೂ ಇಲ್ಲ. ದೇವೇಗೌಡರ ಸಮರ್ಥನೆಯಲ್ಲಿ ನನಗೆ ಕಿರಿಕಿರಿ ಆಗುವುದು ಇಲ್ಲೇ. ಕೆಲಸದ ಲೆಕ್ಕವೂ ಬೇಜಾರಿನ ಲೆಕ್ಕವೂ ಒಂದೇ ಪುಸ್ತಕದಲ್ಲಿ ಕಲಸಿಹೋಗುತ್ತದೆ. ಮೆಟ್ರೊ ಅಂತ ಶುರುವಾದ ಮಾತು ಕೇಸರಿ ಹತ್ತಿರ ಹೋಗಿ, ಅಲ್ಲಿಂದ ಬೆನ್ನಿಗೆ ಚೂರಿ ಹಾಕಿದವರ ಪಟ್ಟಿಗೆ ತಿರುಗಿ, ಕೊನೆಗೆ ಕೇಳುವವನಿಗೆ ನೆನಪು ಉಳಿಯುವುದು ಬೇಜಾರು ಮಾತ್ರ. ಮನಮೋಹನ್ ಸಿಂಗ್ ಈ ವಿಷಯದಲ್ಲಿ ಜಾಣರು. 2014ರ ಜನವರಿಯಲ್ಲಿ, ಇವತ್ತಿನ ಮಾಧ್ಯಮಕ್ಕಿಂತ ಇತಿಹಾಸ ನನ್ನ ಬಗ್ಗೆ ಮೃದುವಾಗಿರುತ್ತದೆ ಅಂತ ಒಂದು ಮಾತು ಹೇಳಿ ಸುಮ್ಮನಾದರು. ಆದರೆ ಅವರ ಹಿಂದೆ ಹತ್ತು ವರ್ಷದ ಅಧಿಕಾರ, ದೊಡ್ಡ ಪಕ್ಷ, ಪುಸ್ತಕ ಬರೆಯುವ ಜನ ಎಲ್ಲ ಇದ್ದರು. ಹತ್ತು ತಿಂಗಳವರಿಗೆ ದೆಹಲಿಯಲ್ಲಿ ಸಾಕ್ಷಿ ಹೇಳುವವರು ಯಾರು? ತಾವೇ ಹೇಳಿಕೊಳ್ಳಬೇಕು. ತಾವೇ ಹೇಳಿಕೊಂಡರೆ ನಾವು ನಗುತ್ತೇವೆ.

ಈ ಪಟ್ಟಿಯಲ್ಲೆಲ್ಲ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಒಂದೇ ಬಾಬ್ತು, ಅದೂ ಅವರು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವಂಥದ್ದು. ಫರಕ್ಕಾ ಒಪ್ಪಂದ.

1996ರ ಡಿಸೆಂಬರ್ 12ಕ್ಕೆ ದೇವೇಗೌಡರೂ ಬಾಂಗ್ಲಾದೇಶದ ಶೇಖ್ ಹಸೀನಾ ಅವರೂ ದೆಹಲಿಯಲ್ಲಿ ಸಹಿ ಹಾಕಿದರು. ಗಂಗೆಯ ನೀರು ಹಂಚಿಕೊಳ್ಳುವ ಮೂವತ್ತು ವರ್ಷದ ಒಪ್ಪಂದ. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ನಮ್ಮ ಬ್ಯಾರೇಜ್ ಇದೆ, 1975ರಿಂದ. ಕಲ್ಕತ್ತಾ ಬಂದರಿನಲ್ಲಿ ಹೂಳು ನಿಲ್ಲದ ಹಾಗೆ ಅಲ್ಲಿಂದ ನೀರು ತಿರುಗಿಸುತ್ತೇವೆ. ಕೆಳಗಿನವರಿಗೆ ಬೇಸಿಗೆಯಲ್ಲಿ ನೀರಿಲ್ಲ ಅಂತ ಜಗಳ. 1977ರಲ್ಲಿ ಒಂದು ಒಪ್ಪಂದ ಆಗಿತ್ತು, ಆಮೇಲೆ ಎರಡು ಸಣ್ಣ ತಿಳಿವಳಿಕೆ ಪತ್ರ, 1988ಕ್ಕೆ ಅದೂ ಮುಗಿಯಿತು. ಎಂಟು ವರ್ಷ ಕಾಗದವೇ ಇಲ್ಲದೆ ಎರಡು ದೇಶ ಒಂದು ಹೊಳೆಯ ನೀರು ಕುಡಿದವು. ಇವರು ಬಂದ ಆರೇ ತಿಂಗಳಿಗೆ ಅದು ಕಾಗದಕ್ಕೆ ಬಂತು. ಒಬ್ಬರದ್ದೇ ಕೆಲಸ ಅಲ್ಲ, ಆಗಿನ ವಿದೇಶಾಂಗ ಸಚಿವರು ಗುಜ್ರಾಲ್, ಮತ್ತೆ ಬಂಗಾಳದ ಜ್ಯೋತಿ ಬಸು ಒಪ್ಪದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಸು ತಾವೇ ಢಾಕಾಗೆ ಹೋಗಿ ಬಂದಿದ್ದರು.

ಆ ಒಪ್ಪಂದದ ಜೊತೆ ಒಂದು ಪಟ್ಟಿ ಇದೆ. ಅದನ್ನು ನೋಡಿದಾಗ ನನಗೆ ಮೈ ಜುಮ್ ಅಂತು, ಯಾಕೆಂದರೆ ಅದು ನಮ್ಮ ನಾಲೆಯ ಪಾಳಿ ಪಟ್ಟಿಯ ಹಾಗೇ ಇದೆ. ಜನವರಿ 1ರಿಂದ ಮೇ 31ರ ತನಕ, ಹತ್ತು ಹತ್ತು ದಿನಕ್ಕೆ ಒಂದು ಸಾಲು. ಐದು ತಿಂಗಳು, ಹದಿನೈದು ಸಾಲು. ಫರಕ್ಕಾದಲ್ಲಿ 70 ಸಾವಿರ ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ನೀರಿದ್ದರೆ ಅರ್ಧ ಅರ್ಧ. 70ರಿಂದ 75 ಸಾವಿರ ಇದ್ದರೆ ಬಾಂಗ್ಲಾಕ್ಕೆ 35 ಸಾವಿರ, ಉಳಿದದ್ದು ನಮಗೆ. 75 ಸಾವಿರ ದಾಟಿದರೆ ನಮಗೆ 40 ಸಾವಿರ, ಉಳಿದದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರ ತನಕ, ಅಂದರೆ ನೀರು ತೀರಾ ಇಳಿಯುವ ದಿನಗಳಲ್ಲಿ, ಒಂದು ಹತ್ತು ದಿನ ಅವರಿಗೆ 35 ಸಾವಿರ ಖಾತ್ರಿ, ಮುಂದಿನ ಹತ್ತು ದಿನ ನಮಗೆ 35 ಸಾವಿರ ಖಾತ್ರಿ, ಹೀಗೆ ಒಬ್ಬರ ಬಿಟ್ಟು ಒಬ್ಬರಿಗೆ. ಇದನ್ನು ವಿದೇಶಾಂಗ ನೀತಿ ಅಂತ ದೊಡ್ಡ ಹೆಸರಿನಿಂದ ಕರೆಯಬಹುದು. ನೀರಾವರಿ ಮಂತ್ರಿಯಾಗಿದ್ದ ಒಬ್ಬ ರೈತನಿಗೆ ಅದು ಪಾಳಿ. ಅಷ್ಟೇ.

ಒಪ್ಪಂದ ಬಂಗಾರ ಅಂತ ನಾನು ಹೇಳುತ್ತಿಲ್ಲ. ಬರೆದಷ್ಟು ನೀರು ಬರಲಿಲ್ಲ ಅಂತ ಬಾಂಗ್ಲಾದವರ ತಕರಾರು ಮೊದಲ ಬೇಸಿಗೆಯಿಂದಲೇ ಇದೆ. ಬ್ಯಾರೇಜಿನಿಂದಲೇ ಹೂಳು ತುಂಬಿ ಪ್ರವಾಹ ಬರುತ್ತಿದೆ, ಕಿತ್ತುಹಾಕಿ ಅಂತ ಬಿಹಾರದ ನಿತೀಶ್ ಕುಮಾರ್ ಕೂಗಿದ್ದೂ ಇದೆ. ಆದರೂ ಅಲ್ಲಿಂದ ಈಚೆಗೆ ಎರಡೂ ದೇಶದಲ್ಲಿ ಎಷ್ಟು ಸರ್ಕಾರ ಬಂದವು, ಹೋದವು. ಪಾಳಿ ಪಟ್ಟಿಯನ್ನು ಯಾರೂ ಹರಿದು ಹಾಕಲಿಲ್ಲ. ನನ್ನ ಲೆಕ್ಕದಲ್ಲಿ ಆ 324 ದಿನಗಳ ಅತಿ ಗಟ್ಟಿ ಕೊಬ್ಬರಿ ಇದು.

ಈಗ ನಮ್ಮ ಜಿಲ್ಲೆಗೆ ಬನ್ನಿ.

2019ರಲ್ಲಿ ದೇವೇಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ತುಮಕೂರಿಗೆ ಬಂದು ನಿಂತರು. ಜೆಡಿಎಸ್-ಕಾಂಗ್ರೆಸ್ ಮೈತ್ರಿ. ಹಾಲಿ ಸಂಸದರು ಕಾಂಗ್ರೆಸ್‌ನ ಮುದ್ದಹನುಮೇಗೌಡರು, ಅವರಿಗೇ ಟಿಕೆಟ್ ಇಲ್ಲ. ಅವರು ಬಂಡಾಯ ನಾಮಪತ್ರ ಹಾಕಿ ಆಮೇಲೆ ವಾಪಸ್ ತಗೊಂಡರು, ಸಿಟ್ಟು ಮಾತ್ರ ವಾಪಸ್ ಹೋಗಲಿಲ್ಲ. ಎದುರಿಗೆ ಬಿಜೆಪಿಯ ಜಿ.ಎಸ್. ಬಸವರಾಜು. ಜಾತಿ ಲೆಕ್ಕ ಇರಲಿಲ್ಲ ಅಂತ ನಾನು ಬರೆದರೆ ನೀವೇ ನಗುತ್ತೀರಿ, ಇತ್ತು, ಜೋರಾಗೇ ಇತ್ತು. ಆದರೆ ಟೀ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಡಿಕೆ ಮಂಡಿಯಲ್ಲಿ ಬಾಯಿಗೆ ಬಂದ ಮಾತು ಒಂದೇ: ಹೇಮಾವತಿ.

ಹೇಮಾವತಿ ಅಣೆಕಟ್ಟು ಇರುವುದು ಗೊರೂರಿನಲ್ಲಿ, ಹಾಸನ ಜಿಲ್ಲೆ. ತುಂಬಿದರೆ 37 ಟಿಎಂಸಿ. ಅದರಲ್ಲಿ ತುಮಕೂರು ನಾಲೆಯ ಪಾಲು 24 ಟಿಎಂಸಿ ಚಿಲ್ಲರೆ ಅಂತ ಕಾಗದದಲ್ಲಿದೆ. ಅಷ್ಟು ಬರುವುದಿಲ್ಲ ಅನ್ನುವುದು ನಮ್ಮ ಜಿಲ್ಲೆಯ ನಿತ್ಯದ ಗೋಳು. ನೀರು ಬಿಡದೆ ತಡೆದವರು ಹಾಸನದವರು ಅಂತ ಎದುರು ಪಕ್ಷದವರು ಹೇಳಿದರು. ನಾನು ತಡೆದಿಲ್ಲ, ತುಮಕೂರಿಗೆ ಅನ್ಯಾಯ ಮಾಡಿಲ್ಲ ಅಂತ ದೇವೇಗೌಡರು ಹೇಳಿದರು. ಹೇಳುತ್ತಲೇ ಇದ್ದರು. ಎಂಬತ್ತಾರು ತುಂಬಲು ಒಂದು ತಿಂಗಳಿದ್ದ ಮುದುಕರು ಬಿಸಿಲಲ್ಲಿ ಊರೂರು ಸುತ್ತಿ ಅದನ್ನೇ ಹೇಳಿದರು. ನಮ್ಮ ಗೋಳಿಗೆ ಯಾರು ಕಾರಣ ಅಂತ ತೀರ್ಪು ಕೊಡಲು ನಾನು ಯಾರೂ ಅಲ್ಲ. ನಾಲೆ ಪಕ್ಕ ಬೆಳೆದವನಾಗಿ ನನಗೆ ಗೊತ್ತಿರುವುದು ಇಷ್ಟು: ನಾಲೆಯಲ್ಲಿ ಹೂಳಿತ್ತು, ದಂಡೆಯಲ್ಲಿ ಪಂಪುಗಳಿದ್ದವು, ಮೇಲಿನ ಊರಿನವನು ರಾತ್ರಿ ತೂಬು ಎತ್ತುತ್ತಿದ್ದ, ಕೊನೆಯ ಊರಿನವನು ಬೆಳಿಗ್ಗೆ ಬಂದು ಒಣಗಿದ ನಾಲೆ ನೋಡಿ ಬೈಯುತ್ತಿದ್ದ. ಬೈಯಲು ಒಂದು ಹೆಸರು ಬೇಕಿತ್ತು. ಅಣೆಕಟ್ಟು ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ದೊಡ್ಡ ಹೆಸರು ಸುಲಭವಾಗಿ ಸಿಕ್ಕಿತು.

ತಮಾಷೆ ಏನು ಗೊತ್ತಾ? ಈ ಚರ್ಚೆಯನ್ನು ನಾವು ತುಮಕೂರು ಸಿಟಿಯಲ್ಲಿ ಕೂತು, ನಲ್ಲಿಯಲ್ಲಿ ಬಂದ ನೀರಿನಲ್ಲಿ ಮಾಡಿದ ಟೀ ಕುಡಿಯುತ್ತಾ ಮಾಡುತ್ತಿದ್ದೆವು. ಆ ನೀರು ಬುಗುಡನಹಳ್ಳಿ ಕೆರೆಯದು. ಬುಗುಡನಹಳ್ಳಿಗೆ ಬರುವುದು ಹೇಮಾವತಿ.

ಮೇ 23ಕ್ಕೆ ಫಲಿತಾಂಶ ಬಂತು. 13,339 ಮತಗಳಿಂದ ಸೋತರು. ಆವತ್ತು ನಾನು ಊರಲ್ಲೇ ಇದ್ದೆ. ಮಧ್ಯಾಹ್ನದ ತನಕ ಮುಂದೆ ಹಿಂದೆ ಆಗುತ್ತಿತ್ತು. ಅಪ್ಪ ಟಿವಿ ಮುಂದೆ ಕೂರದೆ ಕೊಟ್ಟಿಗೆಗೂ ಹಜಾರಕ್ಕೂ ಓಡಾಡುತ್ತಿದ್ದರು. ಯಾರಿಗೆ ಹಾಕಿದ್ದರೋ ಇವತ್ತಿನ ತನಕ ಹೇಳಿಲ್ಲ. ಸೋತರು ಅಂತ ಗೊತ್ತಾದ ಮೇಲೆ, 'ನೀರು ಕೇಳ್ದೋರಿಗೆ ಸೇತ್ವೆ ಕಥೆ ಹೇಳುದ್ರೆ ಆಯ್ತದಾ' ಅಂದರು. ಅದರಿಂದ ಯಾರಿಗೆ ಹಾಕಿದರು ಅಂತ ಊಹಿಸಲು ಹೋಗಬೇಡಿ, ನಾನು ಸೋತಿದ್ದೇನೆ.

ನನಗೀಗ ಅನ್ನಿಸುವುದು, ಅವರು ಸೇತುವೆ ಕಥೆ ಬಿಟ್ಟು ಪಾಳಿ ಕಥೆ ಹೇಳಬೇಕಿತ್ತು. ಫರಕ್ಕಾ ಪಟ್ಟಿಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ತುರುವೇಕೆರೆ ಸಂತೆಯಲ್ಲಿ ನೇತು ಹಾಕಿ, ನೋಡ್ರಪ್ಪ, ಭಾಷೆ ಬಾರದ ಎರಡು ದೇಶದ ನಡುವೆ ನಾನು ಹತ್ತು ದಿನಕ್ಕೊಂದು ಪಾಳಿ ಬರೆದವನು, ಗೊರೂರಿನಿಂದ ನಿಮ್ಮ ಕೊನೆ ತೂಬಿನ ತನಕ ಇದೇ ಥರ ಬರೆದು ಕೊಡುತ್ತೇನೆ, ತಪ್ಪಿದರೆ ಕೇಳಿ ಅನ್ನಬೇಕಿತ್ತು. ಗೆಲ್ಲುತ್ತಿದ್ದರಾ? ಗೊತ್ತಿಲ್ಲ. ಜಾತಿ ಲೆಕ್ಕ, ಟಿಕೆಟ್ ಲೆಕ್ಕ ಎಲ್ಲ ಹಾಗೇ ಇರುತ್ತಿತ್ತು. ಆದರೆ ನಮ್ಮ ಜಿಲ್ಲೆಯ ರೈತನಿಗೆ ಇಡೀ ದೇಶದಲ್ಲೇ ಚೆನ್ನಾಗಿ ಅರ್ಥವಾಗುತ್ತಿದ್ದ ಸಾಧನೆ ಅದೊಂದು. ಅದನ್ನೇ ನಮಗೆ ಯಾರೂ ತೋರಿಸಲಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 2020ರಲ್ಲಿ ಅವರು ಅವಿರೋಧವಾಗಿ ರಾಜ್ಯಸಭೆಗೆ ಹೋದರು. 2024ಕ್ಕೆ ಜೆಡಿಎಸ್ಸೂ ಬಿಜೆಪಿಯೂ ಜೊತೆಯಾದವು, ತುಮಕೂರಿನಲ್ಲಿ ಬಿಜೆಪಿಯ ಸೋಮಣ್ಣ ಗೆದ್ದರು. ಐದು ವರ್ಷದ ಹಿಂದೆ ಹೇಮಾವತಿ ವಿಷಯಕ್ಕೆ ಟೀ ಲೋಟ ಕುಕ್ಕಿ ಜಗಳವಾಡಿದವರು ಒಂದೇ ಪೆಂಡಾಲಿನ ಕೆಳಗೆ ಕೂತು ಕೇಸರಿಬಾತ್ ತಿಂದರು. ಈಗಿನ ಜಗಳ ಬೇರೆ. ಕುಣಿಗಲ್ ಕಡೆಗೆ ನೀರು ನೇರವಾಗಿ ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮಾಡುತ್ತಾರೆ ಅಂತ 2025ರ ಮೇ ಕೊನೆಗೆ ನಮ್ಮ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಯೇ ಆಯಿತು. ಈ ಸಲ ಹಾಸನದವರನ್ನು ಬೈಯುವ ಹಾಗಿಲ್ಲ. ಗುಬ್ಬಿಯವರೂ ಕುಣಿಗಲ್ಲಿನವರೂ ಒಂದೇ ಜಿಲ್ಲೆ.

ಮೊನ್ನೆ ಫರಕ್ಕಾ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡಿ, ಒಂದು ಹಾಳೆಗೆ ಪ್ರಿಂಟ್ ತೆಗೆದು ಅಪ್ಪನಿಗೆ ತಗೊಂಡು ಹೋದೆ. ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಮಾರ್ಚ್ 11ರ ಸಾಲು ಬಂದಾಗ ನಿಂತರು. 'ಹತ್ತು ದಿನ ಅವ್ರಿಗೆ, ಹತ್ತು ದಿನ ನಮ್ಗೆ. ಸರಿಯಾಗೇ ಬರ್ದವ್ರೆ' ಅಂದರು. ಎಷ್ಟು ದಿನಕ್ಕೆ ಈ ಕರಾರು ಅಂತ ಕೇಳಿದರು. ಮೂವತ್ತು ವರ್ಷ, 2026ರ ಡಿಸೆಂಬರ್‌ಗೆ ಮುಗಿಯುತ್ತದೆ ಅಂದೆ. 'ಆಮೇಲೆ ಬರೆಯೋರು ಯಾರು?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹಾಳೆಯನ್ನು ಅನ್ನ ಹಾಕಿ ಗೋಡೆಗೆ ಅಂಟಿಸಿದ್ದಾರೆ, ಕ್ಯಾಲೆಂಡರಿನ ಪಕ್ಕ. ನಿನ್ನೆ ನಮ್ಮೂರ ನೀರಗಂಟಿ, ಅಂದರೆ ಹೊಲಗಳಿಗೆ ನೀರು ಬಿಡುವವನು, ಯಾವುದೋ ಕೆಲಸಕ್ಕೆ ಬಂದವನು ಅದರ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. 'ಗೌಡ್ರೆ, ಇದ್ಯಾವ್ ನಾಲೇದು?' ಅಂದನಂತೆ. ಗಂಗೆದು ಕಣಪ್ಪ ಅಂದರಂತೆ ಅಪ್ಪ. ಅವನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ ಕೇಳಿದನಂತೆ: 'ಕೊನೆ ತೂಬ್ನೋರಿಗೆ ಎಷ್ಟು ಅಂತ ಎಲ್ ಬರ್ದವ್ರೆ?'